ಬೀಗದ ಕೈ ಕೊಟ್ಟು ಹೋದವರ ಮನೆ

ಚಂಡೀಗಢದಿಂದ ಬಂದ ಮೇಲೆ ಒಂದು ಯೋಚನೆ ಬೆನ್ನು ಬಿಡುತ್ತಿಲ್ಲ. ಅಲ್ಲಿಯ ಸೆಕ್ಟರ್ 5ರಲ್ಲಿರುವ 57ನೇ ನಂಬರಿನ ಮನೆ ಈಗ ಸಂಗ್ರಹಾಲಯ. ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜೆನ್ನರೆ 1954ರಿಂದ 1965ರವರೆಗೆ ಅಲ್ಲಿ ವಾಸವಾಗಿದ್ದರು. ಮನೆಯ ವಿನ್ಯಾಸವೂ ಅವರದೇ. 2017ರ ಮಾರ್ಚ್‌ನಲ್ಲಿ ಅದನ್ನು ಅವರ ಹೆಸರಿಟ್ಟು ಜನರಿಗೆ ತೆರೆದರು. ಅವರ ಕಾಲದ ಕುರ್ಚಿ, ಮೇಜು, ನಕ್ಷೆ, ಫೋಟೋ ಅಂತ ಕೋಣೆಯಿಂದ ಕೋಣೆಗೆ ನೋಡುತ್ತಾ ಹೋಗುತ್ತೇವೆ. ಆದರೆ ಆ ಮನೆ ಒಂದು ದಿನದ ಮಟ್ಟಿಗೂ ಅವರದಾಗಿರಲಿಲ್ಲ. ಅದು ಸರ್ಕಾರಿ ಕ್ವಾರ್ಟರ್ಸ್. ಕೆಲಸ ಇರುವವರೆಗೆ ಇರುವುದು, ಕೆಲಸ ಮುಗಿದ ಮೇಲೆ ಬೀಗದ ಕೈ ಕೊಟ್ಟು ಹೊರಡುವುದು. ನಾನು ಹುಟ್ಟಿದ್ದು, ಓದಿದ್ದು, ಮದುವೆಯಾಗಿ ಹೊರಟಿದ್ದು ಎಲ್ಲ ತುಮಕೂರಿನಲ್ಲಿ ಅಂಥದ್ದೇ ಒಂದು ಮನೆಯಿಂದ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಹಾಗಾಗಿ ಆ ಮನೆಯ ಮುಂದೆ ನಿಂತಾಗ ನನಗೆ ಮೊದಲು ಹೊಳೆದದ್ದು ಜೆನ್ನರೆ ಎಷ್ಟು ದೊಡ್ಡವರು ಅನ್ನುವುದಲ್ಲ, ಖಾಲಿ ಮಾಡುವ ದಿನ ಅವರು ಬೀಗದ ಕೈಯನ್ನು ಯಾರ ಕೈಗೆ ಕೊಟ್ಟಿರಬಹುದು ಅನ್ನುವುದು.

ಚಂಡೀಗಢ ಅಂದರೆ ಎಲ್ಲರ ಬಾಯಿಗೂ ಬರುವ ಹೆಸರು ಆ ಊರಿನ ಯೋಜನೆ ಹಾಕಿದ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಅವರದು. ಜೆನ್ನರೆ ಅವರ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ಸಾಲಿನ ತಮ್ಮ, ಪ್ಯಾರಿಸ್ಸಿನಲ್ಲಿ ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದವರು. ಎರಡನೇ ಮಹಾಯುದ್ಧದ ಹೊತ್ತಿಗೆ ಇಬ್ಬರ ದಾರಿ ಬೇರೆಯಾಯಿತು. ಜೆನ್ನರೆ ಜರ್ಮನರ ವಿರುದ್ಧದ ಪ್ರತಿರೋಧ ಹೋರಾಟಕ್ಕೆ ಸೇರಿದರು, ಕಾರ್ಬುಸಿಯೆ ಜರ್ಮನರಿಗೆ ತಲೆಬಾಗಿದ ವಿಶಿ ಸರ್ಕಾರದ ಬಾಗಿಲು ತಟ್ಟಿದರು. ಮತ್ತೆ ಅವರನ್ನು ಒಂದುಗೂಡಿಸಿದ್ದು ಪಂಜಾಬಿನ ಈ ಹೊಸ ರಾಜಧಾನಿ. 1951ರಿಂದ ಕಾರ್ಬುಸಿಯೆ ವರ್ಷಕ್ಕೆ ಎರಡು ಸಲ ಬಂದು, ನೋಡಿ, ಹೇಳಿ, ಹೊರಡುತ್ತಿದ್ದರು. ಉಳಿದವರು ಜೆನ್ನರೆ. ಇಟ್ಟಿಗೆ ಬರಲಿಲ್ಲ, ಸಿಮೆಂಟ್ ಸಿಗಲಿಲ್ಲ, ಮಳೆ ನಿಲ್ಲಲಿಲ್ಲ ಅನ್ನುವ ದಿನಗಳನ್ನೆಲ್ಲ ಕಂಡವರು ಅವರು. ಕೆಲಸದ ಜಾಗದಲ್ಲಿ ಉಳಿಯುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಪಕ್ಷಪಾತವಿದೆ. ಅಪ್ಪನ ಕಚೇರಿಯಲ್ಲೂ ಇಂಜಿನಿಯರುಗಳು ಬಂದರು, ಹೋದರು. ನಕ್ಷೆಗಳನ್ನು ಕೊಳವೆಯಂತೆ ಸುತ್ತಿ, ಬೀರುವಿನಲ್ಲಿಟ್ಟು, ಯಾವ ಸೇತುವೆಯ ನಕ್ಷೆ ಯಾವ ಅರೆಯಲ್ಲಿದೆ ಅಂತ ನೆನಪಿಟ್ಟುಕೊಂಡವರು ಬೇರೆ.

ಅಪ್ಪ ನೋಡಿದ ಮನೆ

ಮಗಳಿಗೆ ಮೊಹಾಲಿಯಲ್ಲಿ ಕೆಲಸ ಸಿಕ್ಕಿತ್ತು. ಅವಳನ್ನು ನೋಡಲು ಹೊರಟಾಗ ಅಪ್ಪ ತಾವೂ ಬರುತ್ತೇನೆ ಅಂದರು. ಅಮ್ಮನಿಗೆ ಮಂಡಿನೋವು, ತಂಗಿಯ ಮನೆಯಲ್ಲಿ ಉಳಿದರು. ಕಾರ್ತಿಕ ಮಾಸ, ಅಲ್ಲಿ ಆಗಲೇ ಸಂಜೆಗೆ ಶಾಲು ಬೇಕಾಗುವಷ್ಟು ಚಳಿ. ಮಧ್ಯಾಹ್ನದ ಊಟ ಮುಗಿಸಿ ಹೋದೆವು. ಸುಖ್ನಾ ಕೆರೆಗೆ ಹತ್ತಿರ, ಮರಗಳ ನೆರಳಿನ ಅಗಲವಾದ ರಸ್ತೆ.

ಅಪ್ಪ ಒಳಗೆ ಹೋಗಲು ಯಾವ ಆತುರವನ್ನೂ ತೋರಿಸಲಿಲ್ಲ. ಹೊರಗೆ ಕಾಡುಗಲ್ಲಿನ ಗೋಡೆಯ ಹತ್ತಿರ ಹೋಗಿ ನಿಂತರು. ಕಾಡುಗಲ್ಲು ಅಂದರೆ ನಮ್ಮ ಕಡೆಯ ಮೂಲೆಮೂಲೆಯ ಕಲ್ಲಲ್ಲ, ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಗಲ್ಲು. ಶಿವಾಲಿಕ್ ಬೆಟ್ಟದಿಂದ ಇಳಿಯುವ ಹಳ್ಳಗಳಲ್ಲಿ ಅದು ಬೇಕಾದಷ್ಟು ಸಿಗುತ್ತದೆ. ಅದನ್ನು ಒಡೆಯದೆ, ಕೆತ್ತದೆ ಹಾಗೆಯೇ ಗೋಡೆಗೆ ಕೂರಿಸಿದ್ದಾರೆ. ಅಪ್ಪ ಎರಡು ಕಲ್ಲಿನ ನಡುವಿನ ಗಾರೆಯ ಮೇಲೆ ಬೆರಳಾಡಿಸಿ, "ಪಾಯಿಂಟಿಂಗ್ ನೋಡಮ್ಮ. ಗುಂಡುಗಲ್ಲಿಗೆ ಗಾರೆ ಹಿಡಿಸೋದು ಕಷ್ಟ. ಇದನ್ನ ಕಟ್ಟಿದವನು ಆತುರದಲ್ಲಿ ಕಟ್ಟಿಲ್ಲ" ಅಂದರು. ಆಮೇಲೆ ಜಾಲಿಯ ಕಡೆ ತಿರುಗಿದರು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಪೇರಿಸಿದ ದೊಡ್ಡ ಜಾಲಿ. ಮನೆಯ ಮುಖವೆಲ್ಲ ಅದೇ ಅನ್ನುವಷ್ಟು. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಹನಿಕೋಂಬ್ ಅನ್ನುತ್ತಾರೆ. ನಮ್ಮ ಕಡೆ ಸ್ಟೋರ್ ರೂಮಿಗೋ ಮೆಟ್ಟಿಲಿನ ಗೋಡೆಗೋ ಒಂದಿಷ್ಟು ಬಿಡುತ್ತಿದ್ದರು, ಅಷ್ಟೇ. ಇಲ್ಲಿ ಅದಕ್ಕೇ ಮನೆಯ ಮುಖ್ಯ ಕೆಲಸ ಒಪ್ಪಿಸಿದ್ದಾರೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ಅದು. ಬಿಸಿಲು ನೇರವಾಗಿ ಒಳಗಿನ ಗೋಡೆಗೆ ಬಡಿಯುವ ಮೊದಲೇ ಜಾಲಿ ಅದನ್ನು ತಡೆದು ಚೂರು ಮಾಡುತ್ತದೆ. ಗಾಳಿಗೆ ಮಾತ್ರ ದಾರಿ ಬಿಡುತ್ತದೆ, ಸಣ್ಣ ಸಂದಿನಲ್ಲಿ ನುಗ್ಗುವಾಗ ಅದಕ್ಕೆ ವೇಗವೂ ಬರುತ್ತದೆ. ಫ್ಯಾನಿನ ಖರ್ಚಿಲ್ಲ, ಗಾಜಿನ ಖರ್ಚಿಲ್ಲ. ದೇಶ ವಿಭಜನೆಯಾದ ಹೊಸತು, ಸಿಮೆಂಟ್ ಮತ್ತು ಕಬ್ಬಿಣ ಎರಡಕ್ಕೂ ತತ್ವಾರ. ಊರಿನ ಮನೆಗಳನ್ನೆಲ್ಲ ಇಟ್ಟಿಗೆಯಲ್ಲೇ ಕಟ್ಟಬೇಕಿತ್ತು. ಅಪ್ಪ ಜಾಲಿಯ ಸಂದುಗಳನ್ನು ಗೇಣಿನಲ್ಲಿ ಅಳೆದರು. "ದುಡ್ಡಿಲ್ಲ ಅಂತ ಕೆಲಸ ಕಡಿಮೆ ಮಾಡಿಲ್ಲ ಇವರು. ದುಡ್ಡಿಲ್ಲ ಅಂತ ಯೋಚನೆ ಜಾಸ್ತಿ ಮಾಡಿದಾರೆ."

ಒಳಗೆ ಹೋದ ಮೇಲೆ ಅವರ ನಡಿಗೆ ಬದಲಾಯಿತು. ನಾನು ಗೋಡೆಗೆ ಹಾಕಿದ ಫೋಟೋಗಳನ್ನು ಓದುತ್ತಿದ್ದೆ. ಅಪ್ಪ ಯಾವುದನ್ನೂ ಓದಲಿಲ್ಲ. ಹೆಜ್ಜೆ ಹಾಕಿ ಕೋಣೆಯ ಉದ್ದ ಲೆಕ್ಕ ಹಾಕಿದರು, ಕೈ ಎತ್ತಿ ಬಾಗಿಲ ಎತ್ತರ ನೋಡಿದರು, ಗೋಡೆಯಲ್ಲೇ ಕಟ್ಟಿದ ಅರೆಗಳ ಮುಂದೆ ಬಹಳ ಹೊತ್ತು ನಿಂತರು. ನಮ್ಮ ಕ್ವಾರ್ಟರ್ಸಿನಲ್ಲೂ ಗೋಡೆಯೊಳಗೆ ಅರೆಗಳಿದ್ದವು, ಕಡಪ ಕಲ್ಲಿನ ಹಲಗೆ ಹಾಕಿದ್ದು. ವರ್ಗವಾಗುವ ನೌಕರನಿಗೆ ಬೀರು ಸಾಗಿಸುವ ಕಷ್ಟ ಏನೆಂದು ತಿಳಿದವರೇ ಅಂಥ ಅರೆ ಕಟ್ಟಬಲ್ಲರು. ಆಮೇಲೆ ಅಪ್ಪ ನನ್ನನ್ನು ಕರೆದು ಕೇಳಿದ ಪ್ರಶ್ನೆ ಇದು: "ಒಗೆದ ಬಟ್ಟೆ ಎಲ್ಲಿ ಒಣಗಿಸ್ತಿದ್ರಂತೆ?" ನನಗೆ ಗೊತ್ತಿರಲಿಲ್ಲ. ತಾರಸಿಯಲ್ಲಿ ಇರಬಹುದು ಅಂದೆ. "ಇರಬಹುದು" ಅಂತ ಅವರು ಒಪ್ಪಲಿಲ್ಲ, ಮಹಡಿಯಿಂದ ಹಿಂಭಾಗವನ್ನೆಲ್ಲ ಕಣ್ಣಲ್ಲೇ ಸುತ್ತಿ ಬಂದು, ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿಕೊಂಡ ಮೇಲೆ ಸಮಾಧಾನವಾಯಿತು.

ಮನೆಗಳನ್ನು ಸಂಗ್ರಹಾಲಯ ಮಾಡುವವರು ಈಗೀಗ ನೋಡುಗರನ್ನು ಆ ಕಾಲದೊಳಗೇ ಇಳಿಸಬೇಕು ಅಂತ ಬಹಳ ಶ್ರಮಪಡುತ್ತಾರೆ. ಗೋಡೆಯ ಮೇಲೆ ಬೆಳಕಿನ ಚಿತ್ರ ಓಡಿಸುತ್ತಾರೆ, ಪಾತ್ರೆಯ ಸದ್ದು, ಮಾತಿನ ಸದ್ದು ಕೇಳಿಸುತ್ತಾರೆ. ಅದು ತಪ್ಪಲ್ಲ, ಎಷ್ಟೋ ಕಡೆ ಬೇಕೇ ಬೇಕು. ಆದರೆ ಒಳ್ಳೆಯ ಮನೆಗೆ ಅದು ಅಷ್ಟಾಗಿ ಬೇಕಿಲ್ಲ ಅಂತ ನನಗೆ ಆ ಮಧ್ಯಾಹ್ನ ಅನ್ನಿಸಿತು. ಮೂರು ಗಂಟೆಯ ಬಿಸಿಲು ಜಾಲಿಯಿಂದ ಇಳಿದು ಗೋಡೆ ಹತ್ತುವುದನ್ನು ನೋಡುತ್ತಾ ಕೂತರೆ ಸಾಕು, ಅಲ್ಲಿದ್ದವರ ದಿನ ಹೇಗೆ ಸರಿಯುತ್ತಿತ್ತು ಅಂತ ಮೈಗೇ ತಿಳಿಯುತ್ತದೆ. ಹಾಲೆಂಡಿನ ಉಟ್ರೆಕ್ಟ್ ಊರಿನಲ್ಲಿ 1924ರಲ್ಲಿ ಕಟ್ಟಿದ ರೀಟ್‌ವೆಲ್ಡ್ ಶ್ರೋಡರ್ ಮನೆಯ ಬಗ್ಗೆ ಓದಿದ್ದೇನೆ. ಅಲ್ಲಿ ಮಹಡಿಯ ಗೋಡೆಗಳು ಸರಿಯುತ್ತವೆ. ಹಗಲು ಎಲ್ಲ ತೆಗೆದರೆ ಒಂದೇ ದೊಡ್ಡ ಹಜಾರ, ರಾತ್ರಿ ಎಳೆದರೆ ಮಕ್ಕಳಿಗೆ ಬೇರೆ ಬೇರೆ ಕೋಣೆ. ನೋಡಲು ಬಂದವರ ಎದುರು ಆ ಗೋಡೆಗಳನ್ನು ಎಳೆದು, ಮಡಚಿ ತೋರಿಸುತ್ತಾರೆ. ಮನೆ ಕೆಲಸ ಮಾಡುವುದನ್ನು ತೋರಿಸುವುದಕ್ಕಿಂತ ದೊಡ್ಡ ಪ್ರದರ್ಶನ ಯಾವುದಿದೆ?

ಆದರೆ ಆ ಮನೆಗೂ ಈ ಮನೆಗೂ ಒಂದು ವ್ಯತ್ಯಾಸವಿದೆ. ಉಟ್ರೆಕ್ಟಿನದು ಟ್ರೂಸ್ ಶ್ರೋಡರ್ ಎಂಬ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಮೂರು ಮಕ್ಕಳ ಜೊತೆ ಇರಲು ತಾನೇ ಕೂತು ಯೋಚಿಸಿ ಕಟ್ಟಿಸಿಕೊಂಡ ಮನೆ. 1985ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅದು ಅವರ ಮನೆ, ಅವರ ಇಷ್ಟಾನಿಷ್ಟದ ಮನೆ. ಚಂಡೀಗಢದ್ದು ಹಾಗಲ್ಲ. ಮುಂದೆ ಬರುವವರು ಯಾರು, ಅವರಿಗೆ ಎಷ್ಟು ಮಕ್ಕಳು, ಮಾಂಸ ಬೇಯಿಸುವವರೋ ಮಡಿಯವರೋ ಯಾವುದೂ ಗೊತ್ತಿಲ್ಲದೆ ಕಟ್ಟಿದ ಮನೆ. ಗುರುತಿಲ್ಲದವರಿಗಾಗಿ ಇಷ್ಟು ಆಸ್ಥೆಯಿಂದ ಕಟ್ಟುವುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ದರ್ಜೆಗೊಂದು ಮನೆ

ಚಂಡೀಗಢದ ಸರ್ಕಾರಿ ಮನೆಗಳಿಗೆ ಮೊದಲ ಯೋಜನೆಯಲ್ಲಿ ಹದಿಮೂರು ದರ್ಜೆಗಳಿದ್ದವು. ಸಂಬಳ ಇಳಿದ ಹಾಗೆ ದರ್ಜೆಯ ಸಂಖ್ಯೆ ಏರುತ್ತದೆ. ಮೇಲೆ ಮಂತ್ರಿಗಳು, ನ್ಯಾಯಾಧೀಶರು. ಕೊನೆಯಲ್ಲಿ ಜವಾನರು. ಜೆನ್ನರೆ ಜೊತೆ ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ದಂಪತಿ ಮೂರು ವರ್ಷ ಇದ್ದು ಇವುಗಳಲ್ಲಿ ಬಹಳಷ್ಟನ್ನು ರೂಪಿಸಿದರು. ಭಾರತೀಯ ತರುಣ ವಾಸ್ತುಶಿಲ್ಪಿಗಳ ತಂಡವೂ ಇತ್ತು. ಜೇನ್ ಡ್ರೂ ಸಣ್ಣ ಸಂಬಳದವರ ಮನೆಗಳ ಮೇಲೆ ವಿಶೇಷ ಮನಸ್ಸಿಟ್ಟರು. ಅತಿ ಚಿಕ್ಕ ಮನೆಗೂ ಎರಡು ಕೋಣೆ, ಅಡುಗೆಮನೆ, ಬಚ್ಚಲು, ಕಕ್ಕಸು, ಬೇಸಿಗೆಯಲ್ಲಿ ಮಂಚ ಹಾಕಿ ಮಲಗಲು ಒಂದು ಅಂಗಳ. 1950ರ ದಶಕದಲ್ಲಿ ಜವಾನನ ಮನೆಯೊಳಗೆ ನಲ್ಲಿ, ಕಕ್ಕಸು ಎಂದರೆ ಏನರ್ಥ ಅಂತ ನಮ್ಮ ಜಿಲ್ಲೆಯ ಊರುಗಳಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಆ ಹದಿಮೂರು ದರ್ಜೆ ನನಗೆ ಸಂಕಟ ತರುತ್ತದೆ. ನಮ್ಮ ಕ್ವಾರ್ಟರ್ಸಿನಲ್ಲೂ ಅಕ್ಷರಗಳಿದ್ದವು. ಬಾಗಿಲ ಪಕ್ಕದ ಹಳದಿ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಅಕ್ಷರ, ಪಕ್ಕಕ್ಕೊಂದು ಅಂಕಿ. ಯಾವ ಅಕ್ಷರದ ಮನೆಯಲ್ಲಿ ಎಷ್ಟು ಕಿಟಕಿ, ಯಾರ ಹಿತ್ತಿಲಿಗೆ ಕಾಂಪೌಂಡ್ ಇದೆ, ಯಾರ ಕಕ್ಕಸು ಮನೆಯಿಂದ ಹೊರಗೆ ಅಂತ ನಾವು ಮಕ್ಕಳು ಮಗ್ಗಿಗಿಂತ ಮೊದಲೇ ಕಲಿತಿದ್ದೆವು. ಲಗೋರಿ ಆಡುವಾಗ ಇಲ್ಲದ ದರ್ಜೆ, ಸಂಜೆ ದೀಪ ಹತ್ತಿದ ಮೇಲೆ ಎದ್ದು ಕೂರುತ್ತಿತ್ತು. ಒಬ್ಬ ನೌಕರನಿಗೆ ಸಂಬಳ ಎಷ್ಟು ಅನ್ನುವುದನ್ನು ಅವನ ಮನೆಯ ಗೋಡೆಯ ಮೇಲೆ ಬರೆಯಬಾರದಿತ್ತು. ಅದೇ ಹೊತ್ತಿಗೆ, ಚಿಕ್ಕ ಮನೆಗೂ ಗಾಳಿಯ ದಿಕ್ಕು ನೋಡಿ ಕಿಟಕಿ ಇಟ್ಟವರು, ಸಜ್ಜಾ ಎಷ್ಟು ಮುಂದೆ ಚಾಚಿದರೆ ಮಳೆಯ ಎರಚಲು ಒಳಗೆ ಬರುವುದಿಲ್ಲ ಅಂತ ಲೆಕ್ಕ ಹಾಕಿದವರು ಇದ್ದರು. ನಮ್ಮದು ಕೆಂಪು ಗಾರೆಯ ನೆಲ, ಸೈಜುಗಲ್ಲಿನ ಗೋಡೆ, ಸೂರಿನ ಹತ್ತಿರ ಸಿಮೆಂಟಿನ ಜಾಲಂಧ್ರ. ವೈಶಾಖದಲ್ಲೂ ಮಧ್ಯಾಹ್ನ ನೆಲದ ಮೇಲೆ ಬರಿ ಮೈಯಲ್ಲಿ ಮಲಗಬಹುದಿತ್ತು. ಆ ನಕ್ಷೆಗೆ ಯಾರ ಸಹಿ ಇತ್ತೋ, ಅಪ್ಪನಿಗೂ ನೆನಪಿಲ್ಲ. ಮಾದರಿ ನಕ್ಷೆ ಅನ್ನುತ್ತಿದ್ದರು. ರಾಜ್ಯದ ಎಷ್ಟೋ ಊರುಗಳಲ್ಲಿ ಅದೇ ಮನೆ ಎದ್ದು ನಿಂತಿತು.

ಬೆತ್ತ

ಜೆನ್ನರೆ ಮನೆಯಲ್ಲಿ ಎಲ್ಲರೂ ಹೆಚ್ಚು ಹೊತ್ತು ನಿಲ್ಲುವುದು ಕುರ್ಚಿಗಳ ಮುಂದೆ. ತೇಗದ ಮರ, ತಲೆಕೆಳಗಾದ ವಿ ಅಕ್ಷರದ ಆಕಾರದಲ್ಲಿ ಕಾಲುಗಳು, ಕೂರುವಲ್ಲಿ ಮತ್ತು ಒರಗುವಲ್ಲಿ ಬೆತ್ತ. ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯ, ಗ್ರಂಥಾಲಯ ಎಲ್ಲಕ್ಕೂ ಒಟ್ಟಿಗೆ ಸಾವಿರಾರು ಕುರ್ಚಿ ಮೇಜು ಬೇಕಾದಾಗ ಅಲ್ಲಿಯ ಬಡಗಿಗಳ ಕೈಯಲ್ಲೇ ಮಾಡಿಸಬಹುದಾದ ವಿನ್ಯಾಸ ಹಾಕಿಕೊಟ್ಟರು. ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳ ಪಾಲು ಅದರಲ್ಲಿ ದೊಡ್ಡದು. ಕಾಲ ಕಳೆದ ಹಾಗೆ ಬೆತ್ತ ಹರಿಯಿತು, ಕಾಲು ಅಲ್ಲಾಡಿತು, ಸ್ಟೀಲಿನ ಕುರ್ಚಿ ಬಂತು, ಇವು ತಾರಸಿಗೆ, ಗುಜರಿಗೆ ಹೋದವು. ಹಾಗೆ ಹರಾಜಾದವನ್ನು ವಿದೇಶಿ ವ್ಯಾಪಾರಿಗಳು ಕೊಂಡು, ರಿಪೇರಿ ಮಾಡಿಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಕಚೇರಿಯವರು ದಾಸ್ತಾನು ಲೆಕ್ಕಕ್ಕೆಂದು ಮರದ ಮೇಲೆ ಬಣ್ಣದಲ್ಲಿ ಬರೆದಿದ್ದ ಇಲಾಖೆಯ ಹೆಸರು, ನಂಬರು ಅಲ್ಲಿ ಅಸಲಿತನಕ್ಕೆ ಸಾಕ್ಷಿಯಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ, ರಫ್ತು ನಿಲ್ಲಿಸಬೇಕೆಂದು ಆದೇಶ ಮಾಡಿತು. ಆ ಹೊತ್ತಿಗೆ ಬಹಳಷ್ಟು ಕೈಬಿಟ್ಟು ಹೋಗಿತ್ತು.

ಕುರ್ಚಿಯ ಮುಂದೆ ಅಪ್ಪ ಬಗ್ಗಿ, ಬೆತ್ತದ ಹೆಣಿಗೆಯನ್ನು ನೋಡಿದರು. ಮುಟ್ಟಲಿಲ್ಲ. "ಹೊಸದಾಗಿ ಹೆಣೆಸಿದಾರೆ. ಯಾರು ಹೆಣೆದರು ಅಂತ ಬರೆದಿಲ್ವಾ?" ಅಂದರು. ಬರೆದದ್ದು ನನ್ನ ಕಣ್ಣಿಗೂ ಬೀಳಲಿಲ್ಲ. ಅಪ್ಪ ಯಾಕೆ ಅದನ್ನು ಕೇಳಿದರು ಅಂತ ನನಗೆ ಗೊತ್ತಿತ್ತು.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪ ಒಮ್ಮೊಮ್ಮೆ ನನ್ನನ್ನು ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಬ್ಲೂಪ್ರಿಂಟ್ ತೆಗೆಯುವ ಕೋಣೆಯ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಹಾಗಾಗಿ ನಾನು ವರಾಂಡದಲ್ಲೇ ಇರುತ್ತಿದ್ದೆ. ಆ ವರ್ಷ ವರಾಂಡದಲ್ಲಿ ಕುರ್ಚಿಗಳ ರಾಶಿ. ನಡುವೆ ನೀರಿನ ಬಕೆಟ್ ಇಟ್ಟುಕೊಂಡು ಒಬ್ಬರು ಕೂತಿದ್ದರು. ಕಣ್ಣು ಕಾಣುತ್ತಿರಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಬೆತ್ತ ಹೆಣೆಯುವ ಕೆಲಸವನ್ನು ಅಂಧರಿಗೆ ಕೊಡುವ ಪದ್ಧತಿ ದೇಶದ ತುಂಬ ಇತ್ತು. ಬೆತ್ತದ ಸೀಳುಗಳನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಚೌಕಟ್ಟಿನ ತೂತಿಗೆ ಪೋಣಿಸಿ, ಜಾರದ ಹಾಗೆ ಪುಟ್ಟ ಮರದ ಗೂಟ ಸಿಕ್ಕಿಸುತ್ತಿದ್ದರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಕೊನೆಗೆ ಎರಡು ಮೂಲೆಗಳಿಂದ ಓರೆಯಾಗಿ. ಒಣಗಿದಾಗ ಬೆತ್ತ ತಾನಾಗಿಯೇ ಬಿಗಿದುಕೊಂಡು ತಮಟೆಯ ಚರ್ಮದಷ್ಟು ಗಟ್ಟಿಯಾಗುತ್ತದೆ. ಬಕೆಟ್ಟಿನಿಂದ ಸೀಳು ತೆಗೆದು ಕೊಡುವ ಕೆಲಸ ನನಗೆ ಸಿಕ್ಕಿತು. "ಬಿಸಿಲು ಎಲ್ಲೀವರ್ಗೂ ಬಂತು ಮಗಾ?" ಅಂತ ನಡುನಡುವೆ ಕೇಳುತ್ತಿದ್ದರು. ಬಿಸಿಲು ತಾಗಿದರೆ ಸೀಳು ಬೇಗ ಒಣಗಿ ಮುರಿಯುತ್ತದೆ. ಕಂಬದ ಬುಡಕ್ಕೆ ಬಂತು, ಎರಡನೇ ಚಪ್ಪಡಿಗೆ ಬಂತು ಅಂತ ನಾನು ಹೇಳುತ್ತಿದ್ದೆ. ಅವರು ಅಷ್ಟಷ್ಟೇ ಹಿಂದಕ್ಕೆ ಸರಿದು ಕೂರುತ್ತಿದ್ದರು.

ಹೆಣೆಯುವ ಮೊದಲು ಹಳೆಯ ಬೆತ್ತದ ಮೇಲೆ ಅಂಗೈ ಆಡಿಸುತ್ತಿದ್ದರು. ಒಂದು ಕುರ್ಚಿಯ ಮೇಲೆ ಕೈಯಿಟ್ಟವರು, "ಇವರು ಹಿಂದಕ್ಕೆ ಒರಗಿ ಕೂರೋರೇ ಅಲ್ಲ. ಮುಂದಿನ ಅಂಚೆಲ್ಲಾ ಹರಿದೈತೆ, ಬೆನ್ನಿಂದು ಹೊಸದಿದ್ದಂಗೈತೆ" ಅಂದರು. ಅದು ಅಪ್ಪನ ಕುರ್ಚಿ. ಡ್ರಾಯಿಂಗ್ ಬೋರ್ಡಿನ ಮೇಲೆ ಬಗ್ಗಿ ಕೆಲಸ ಮಾಡುವವರು ಒರಗುವುದು ಯಾವಾಗ? ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವರು ಹೊರಗೆ ಬಂದು, ಆ ಯಜಮಾನರ ಪಕ್ಕ ವರಾಂಡದ ನೆಲದ ಮೇಲೆಯೇ ಕೂತು, ಅಂಚಿಗೆ ಜಾಸ್ತಿ ಬಲ ಬರುವ ಹಾಗೆ ಹೆಣೆಯಲು ಆಗುತ್ತದೆಯೇ ಅಂತ ಮಾತಾಡಿಕೊಂಡರು. ಆಗುತ್ತದೆ ಅಂದರು. ಅಂಚಿನ ಮೂರು ಸಾಲಿಗೆ ಎರಡೆಳೆ ಹಾಕಿ ಕೊಟ್ಟರು. ಅಪ್ಪ ನಿವೃತ್ತರಾಗುವವರೆಗೂ ಅದೇ ಕುರ್ಚಿಯಲ್ಲಿ ಕೂತರು.

ಜೆನ್ನರೆ ಕುರ್ಚಿಯ ಕಾಲಿನ ಕೋನದ ಬಗ್ಗೆ ಪುಸ್ತಕಗಳಿವೆ. ಇರಬೇಕು, ಆ ಕೋನ ನಿಜಕ್ಕೂ ಚೆಂದ. ಆದರೆ ಬೆತ್ತದ ಕುರ್ಚಿಯ ಆಯುಷ್ಯ ಇರುವುದು ಮರದಲ್ಲಲ್ಲ, ವರ್ಷ ವರ್ಷ ಅದನ್ನು ಮತ್ತೆ ಹೆಣೆಯುವವರಲ್ಲಿ. ಆ ಕೈಗಳು ನಿಂತ ದಿನವೇ ಕುರ್ಚಿ ಗುಜರಿಯಾಯಿತು. ಚಂಡೀಗಢದ ಕುರ್ಚಿಗಳು ಕಳೆದುಹೋದದ್ದು ಯಾರಿಗೂ ಬೆಲೆ ಗೊತ್ತಿರಲಿಲ್ಲ ಅನ್ನುವ ಕಾರಣಕ್ಕೆ ಅಂತ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಣೆಯುವವರಿಗೆ ಕೂಲಿ ಕೊಡುವುದನ್ನು ನಿಲ್ಲಿಸಿದ್ದರಿಂದ ಕಳೆದುಹೋದವು. ಲಕ್ಷದ ಬೆಲೆ ಗೊತ್ತಾಗಬೇಕಿರಲಿಲ್ಲ, ಬೆತ್ತದ ಕೂಲಿಯ ಬಾಬ್ತು ಉಳಿದಿದ್ದರೆ ಸಾಕಿತ್ತು.

ನಂತರ ಬಂದವರು

1965ರಲ್ಲಿ ಆರೋಗ್ಯ ಕೆಟ್ಟು ಜೆನ್ನರೆ ಸ್ವಿಟ್ಜರ್ಲೆಂಡಿಗೆ ಮರಳಿದರು. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ 1970ರಲ್ಲಿ ಚಿತಾಭಸ್ಮವನ್ನು ತಂದು ಸುಖ್ನಾ ಕೆರೆಯಲ್ಲಿ ಬಿಟ್ಟರು. ಆ ಕೆರೆಯಲ್ಲಿ ತೇಲಿಸಲು ಅವರು ತಾವೇ ಪೆಡಲ್ ದೋಣಿ ಮಾಡಿಕೊಂಡಿದ್ದರು. ಊರನ್ನು ಅಷ್ಟು ಹಚ್ಚಿಕೊಂಡವರು ಅಲ್ಲಿ ಸ್ವಂತಕ್ಕೆ ಒಂದು ಅಡಿ ನೆಲ ಮಾಡಿಕೊಳ್ಳಲಿಲ್ಲ.

ಅವರು ಹೋದ ಮೇಲೂ ಆ ಮನೆ ಸರ್ಕಾರಿ ಮನೆಯಾಗಿಯೇ ಇತ್ತು. ಸಂಗ್ರಹಾಲಯ ಜೆನ್ನರೆಯ ಹೆಸರಿನದು, ಅವರ ಕಾಲವನ್ನು ತೋರಿಸುವುದು ನ್ಯಾಯವೇ. ಆದರೂ ಅರ್ಧ ಶತಮಾನ ಆ ಜಾಲಿಯ ಧೂಳು ಒರೆಸಿದವರು ಯಾರು? ಸಾವಿರ ಸಂದುಗಳ ಜಾಲಿ, ಪಂಜಾಬಿನ ಬೇಸಿಗೆಯ ಧೂಳುಗಾಳಿ. ಆ ಕೋಣೆಗಳಲ್ಲಿ ಬಾಣಂತನ ಆಗಿರಬೇಕು, ಮದುವೆಯ ಮಾತುಕತೆ ಆಗಿರಬೇಕು. ಅವರಿಗೆ ಈ ಮನೆ ಅನುಕೂಲವಾಗಿತ್ತೇ? ಎಲ್ಲಿ ಪರದೆ ಕಟ್ಟಿಕೊಂಡರು, ಯಾವ ಕಿಟಕಿ ಮುಚ್ಚಿದರು, ಎಲ್ಲಿ ಮೊಳೆ ಹೊಡೆದರು? ಒಂದು ಮನೆಯ ವಿನ್ಯಾಸ ಎಷ್ಟು ಒಳ್ಳೆಯದು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಇಲ್ಲ. ಕಟ್ಟಿದವರು ಆ ಮನೆಯಲ್ಲಿ ಸುಖವಾಗಿದ್ದರು ಅನ್ನುವುದು ಸಹಜ. ಆಮೇಲೆ ಬಂದವರು ಸುಖವಾಗಿದ್ದರೇ ಅನ್ನುವುದು ಪರೀಕ್ಷೆ.

ನಮ್ಮ ಮನೆಯ ಪಡಸಾಲೆಯ ಸೂರಿನಲ್ಲಿ ತೊಟ್ಟಿಲಿನ ಕೊಂಡಿ ಇತ್ತು. ಯಾವ ಕುಟುಂಬ ಹಾಕಿಸಿತೋ, ಇಲಾಖೆಯ ನಕ್ಷೆಯಲ್ಲಿ ಅದಿಲ್ಲ. ನಮಗಿಂತ ಮೊದಲೇ ಇತ್ತು, ನಮ್ಮನ್ನೆಲ್ಲ ತೂಗಿದ್ದು ಅದೇ ಕೊಂಡಿಗೆ ಕಟ್ಟಿದ ತೊಟ್ಟಿಲಲ್ಲಿ. ಹಿತ್ತಿಲಿನ ಕರಿಬೇವಿನ ಗಿಡವನ್ನು ಹಿಂದಿನವರು ನೆಟ್ಟಿದ್ದರು, ಪಾರಿಜಾತವನ್ನು ಅಮ್ಮ ನೆಟ್ಟರು. ಅಪ್ಪ ನಿವೃತ್ತರಾದಾಗ ಖಾಲಿ ಮಾಡುವ ದಿನ ಇಲಾಖೆಯವರು ಪಟ್ಟಿ ಹಿಡಿದು ಬಂದರು. ಬಲ್ಬ್ ಹೋಲ್ಡರ್ ಇಷ್ಟು, ನಲ್ಲಿ ಇಷ್ಟು, ಚಿಲಕ, ಅಗುಳಿ ಇಷ್ಟು ಅಂತ ಎಣಿಸಿ ಬರೆದುಕೊಂಡರು. ಪಟ್ಟಿಯಲ್ಲಿ ಕೊಂಡಿಯೂ ಇರಲಿಲ್ಲ, ಪಾರಿಜಾತವೂ ಇರಲಿಲ್ಲ. ಅಮ್ಮ ಹಿಂದಿನ ದಿನವೇ ಮನೆಯನ್ನೆಲ್ಲ ತೊಳೆದು, ಬರುವವರಿಗೆಂದು ಅಡುಗೆಮನೆಯ ಅರೆಯಲ್ಲಿ ಒಂದು ಡಬ್ಬಿ ಉಪ್ಪು, ಒಂದಿಷ್ಟು ಅರಿಶಿನ ಇಟ್ಟಿದ್ದರು. ಅದು ನಮ್ಮ ಸಾಲಿನ ಮನೆಗಳಲ್ಲೆಲ್ಲ ನಡೆದುಬಂದ ಪದ್ಧತಿ. ನಾವು ಬಂದಾಗಲೂ ಯಾರೋ ಇಟ್ಟು ಹೋಗಿದ್ದರು.

ಆ ಸಾಲು ಈಗಿಲ್ಲ. ಹಳತಾಯಿತು ಅಂತ ಕೆಡವಿದರು. ಕೆಡವಿದ್ದನ್ನು ನಾನು ತಪ್ಪೆನ್ನುವುದಿಲ್ಲ, ಸೋರುವ ಮನೆಯಲ್ಲಿ ಸಂಸಾರ ಮಾಡಿ ಅಂತ ಯಾರಿಗೂ ಹೇಳಲಾಗದು. ಆದರೆ ಸಾಲಿನಲ್ಲಿ ಒಂದನ್ನು ಉಳಿಸಿಕೊಳ್ಳಬಹುದಿತ್ತು. ನಮ್ಮ ಜಿಲ್ಲೆಗಳಲ್ಲಿ ಮಹನೀಯರ ಮನೆಗಳನ್ನು ಉಳಿಸಿಕೊಂಡಿದ್ದೇವೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯಿದೆ, ಪಕ್ಕದಲ್ಲೇ ಸಂಗ್ರಹಾಲಯ. ಕನ್ನಡಕ, ಕಪ್ಪು, ಪುಸ್ತಕ, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಬ್ಲಾಕನ್ನು ಕೂಡ ಜೋಪಾನವಾಗಿ ಇಟ್ಟಿದ್ದಾರೆ. ಅದು ಇರಲೇಬೇಕು. ಅದರ ಜೊತೆಗೆ, ಅವರು ಕಟ್ಟಿದ ಇಲಾಖೆಗಳಲ್ಲಿ ದುಡಿದ ಸಾವಿರಾರು ಜನ ಇದ್ದು ಹೋದ ಒಂದು ಮನೆಯೂ ಬೇಕು. ಅಲ್ಲಿ ಒಬ್ಬರ ಹೆಸರಿರಬಾರದು. ಇದ್ದು ಹೋದ ಕುಟುಂಬಗಳ ಹೆಸರೆಲ್ಲ ಒಂದೇ ಅಕ್ಷರದ ಗಾತ್ರದಲ್ಲಿ ಬಾಗಿಲ ಬಳಿ ಇರಬೇಕು. ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯಲ್ಲಿ ನೀರು ಕಾಯಿಸಬೇಕು, ಹೊಗೆ ಜಾಲಂಧ್ರದಿಂದ ಹೇಗೆ ಹೋಗುತ್ತದೆ ಅಂತ ಮಕ್ಕಳು ನೋಡಬೇಕು. ಕುರ್ಚಿಯಲ್ಲಿ ಕೂರಲು ಬಿಡಬೇಕು. ಹರಿದರೆ ಹೆಣೆಸಬೇಕು, ಹೆಣೆಯುವುದನ್ನು ವರಾಂಡದಲ್ಲಿ ಎಲ್ಲರೆದುರು ಮಾಡಿಸಬೇಕು. ಅದಕ್ಕೆ ಯೋಗ್ಯವಾದ ಕೂಲಿ ಕೊಡಬೇಕು.

ಊರಿಗೆ ಬಂದ ವಾರವೇ ಅಪ್ಪ ಡ್ರಾಯಿಂಗ್ ಹಾಳೆ ತರಿಸಿದರು. ನೆನಪಿನಿಂದಲೇ ಕ್ವಾರ್ಟರ್ಸಿನ ನಕ್ಷೆ ಬರೆಯಲು ಕೂತಿದ್ದಾರೆ, ನಾಲ್ಕು ಅಡಿಗೆ ಒಂದು ಇಂಚಿನ ಅಳತೆಯಲ್ಲಿ. ಗೋಡೆಯ ದಪ್ಪ, ಸಜ್ಜಾದ ಚಾಚು, ಮೆಟ್ಟಿಲಿನ ಎತ್ತರ ಎಲ್ಲ ಥಟ್ಟನೆ ಬಂತು. ಜಗಳ ಆಗುತ್ತಿರುವುದು ಅಡುಗೆಮನೆಯಲ್ಲಿ. "ರೀ, ಆ ಕಿಟಕಿ ಒಲೆಯ ನೇರಕ್ಕೆ ಇರಲಿಲ್ಲ. ಇದ್ದಿದ್ರೆ ಗಾಳಿಗೆ ಉರಿ ನಿಲ್ತಿತ್ತಾ?" ಅಂತ ಅಮ್ಮ. "ಮಾದರಿ ನಕ್ಷೇಲಿ ನಡುಮಧ್ಯಕ್ಕೆ ಇತ್ತು ಕಣೇ, ನಾನೇ ಟ್ರೇಸ್ ಮಾಡಿದ್ದು" ಅಂತ ಅಪ್ಪ. ನಕ್ಷೆಯಲ್ಲಿ ಮಧ್ಯಕ್ಕಿದ್ದು ಕಟ್ಟುವಾಗ ಮೇಸ್ತ್ರಿ ಪಕ್ಕಕ್ಕೆ ಸರಿಸಿರಲೂಬಹುದು, ಆ ಮೇಸ್ತ್ರಿಯ ಹೆಂಡತಿಯೂ ಸೌದೆ ಒಲೆಯಲ್ಲೇ ಅಡುಗೆ ಮಾಡುತ್ತಿದ್ದರಲ್ಲ ಅಂತ ನನ್ನ ಅನುಮಾನ. ಮಧುಗಿರಿಯಲ್ಲಿ ಅದೇ ಮಾದರಿಯ ಮನೆಯೊಂದು ಇನ್ನೂ ನಿಂತಿದೆ, ಅಪ್ಪನ ಹಳೆಯ ಸಹೋದ್ಯೋಗಿಯ ಮಗ ಅಲ್ಲಿದ್ದಾರೆ. ಭಾನುವಾರ ಬನ್ನಿ, ಅಳೆದುಕೊಂಡು ಹೋಗಿ ಅಂದಿದ್ದಾರೆ. ಟೇಪು, ಕ್ಯಾಮೆರಾ, ಅಮ್ಮನ ಮಂಡಿಗೆ ಕಟ್ಟುವ ಪಟ್ಟಿ ಎಲ್ಲ ಚೀಲಕ್ಕೆ ಹಾಕಿದ್ದೇನೆ. ಈ ಸಲ ಅಮ್ಮ ಬಂದೇ ಬರುತ್ತಾರಂತೆ, ಒಲೆಯ ಮುಂದೆ ತಾವೇ ಕೂತು ನೋಡಬೇಕಂತೆ.